ಹೆಬ್ಬೆಟ್ಟು

ತ್ಬಿಲಿಸಿಯ ರೈಲು ನಿಲ್ದಾಣದೆದುರಿನ ಸುರಂಗದಾರಿಯಲ್ಲಿ
ಎಡಕ್ಕೆ ಕಾಲುಚೀಲ ಮಾರುವ ಮುದುಕಿ,
ಬಲಕ್ಕೆ ಬೀಗದಕೈ ಉಜ್ಜುವವನು, ನಡುವೆ ನಾನು:
ಒಂದು ಗಾಜಿನ ಪೆಟ್ಟಿಗೆ, ಒಂದು ಭೂತಗನ್ನಡಿ,
ಚಳಿಗಾಲದಲ್ಲಿ ಕೈ ಕಾಯಿಸಲಿಕ್ಕೂ ಒದಗುವ ಬೆಸುಗೆಕಡ್ಡಿ.

ಇಲ್ಲಿ ಬರುವ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇದೆ.
ದುಡ್ಡು ಮಾತ್ರ ಎಲ್ಲರಿಗೂ ಇಲ್ಲ.

ಟ್ಯಾಕ್ಸಿಯ ನುಗ್ಜಾರ್ ಹೇಳುತ್ತಾನೆ:
ಬೆನ್ನಿಗೆ ನಾಲ್ಕು ಕ್ಯಾಮೆರಾ ಯಾಕಯ್ಯ,
ನನ್ನ ಮುಖಕ್ಕೆ ಒಂದೇ ಹೆಚ್ಚು.
ಚಾರ್ಜು ಎರಡು ದಿನ ನಿಲ್ಲಲಿ,
ನಕ್ಷೆಯವಳು ನಡುದಾರಿಯಲ್ಲಿ ಸಾಯದಿರಲಿ, ಸಾಕು.
(ಊರಿನ ಸಂದಿಗೊಂದಿ ಎಲ್ಲ ಅವನಿಗೆ ಬಾಯಿಪಾಠ.
ಅವಳ ದನಿ ಕೇಳಲಿಕ್ಕೆ ಹಚ್ಚಿಟ್ಟಿರುತ್ತಾನೆ.)

ಪಿಯಾನೋ ಕಲಿಸುವ ಮಾನಾನಾ
ಹೆಡ್‌ಫೋನಿನ ತೂತು ಮುಚ್ಚಿದವರನ್ನು ಇನ್ನೂ ಕ್ಷಮಿಸಿಲ್ಲ.
ತಂತಿ ಇದ್ದರೆ ಸಿಕ್ಕಾಗುತ್ತೆ, ಕೂತು ಬಿಡಿಸಬಹುದು.
ತಂತಿಯಿಲ್ಲದ್ದು ಕಳೆದೇಹೋಗುತ್ತೆ.
ಬಿಡಿಸೋದಕ್ಕೂ ಹುಡುಕೋದಕ್ಕೂ ವ್ಯತ್ಯಾಸ ಇಲ್ಲವಾ, ಬದ್ರಿ?
ಇದೆ ಮೇಡಂ.
ಎಡಗಿವಿಯದೊಂದನ್ನೇ ಮೂರು ಸಲ ಮಾರಿದ್ದೇನೆ ಅವರಿಗೆ.

ಸಂದ್ರೋ ಸೈಕಲ್ಲು ಮಾರಿ ಮಡಚುವ ಫೋನು ಕೊಂಡ.
ಬಸ್ಸಿನಲ್ಲಿ ತೆರೆದ, ಮುಚ್ಚಿದ, ಹುಡುಗಿಯರ ಮುಂದೆ ತೆರೆದ,
ಮುಚ್ಚಿದ ಸದ್ದಿಗೇ ಅರ್ಧ ಬೆಲೆ ಸಂದಿತು ಅಂದ.
ಈಗ ನಟ್ಟನಡುವೆ ಒಂದು ಗೆರೆ, ಹಣೆಬರಹದ ಹಾಗೆ.
ಮೇಜಿನ ಬಟ್ಟೆ ಮೊದಲು ಹರಿಯೋದು ಮಡಿಕೆಯಲ್ಲೇ,
ನಮ್ಮಮ್ಮನನ್ನು ಕೇಳಿದ್ದರೂ ಹೇಳುತ್ತಿದ್ದಳು.

ಹೊಸದು ಕೊಳ್ಳಲೋ, ಇದ್ದದ್ದನ್ನೇ ತೇಯಲೋ
ಎಂದು ನನ್ನನ್ನು ಕೇಳಬೇಡಿ.
ಹೊಸದು ಮಾರಿದರೂ ಅನ್ನ, ಹಳೆಯದು ಕೆಟ್ಟರೂ ಅನ್ನ.

ಆದರೆ ಲಮಾರಾ ಬಂದ ದಿನ
ಉತ್ತರ ಹೇಳಲಿಕ್ಕೆ ತಡವಾಯಿತು.
ಬಜಾರಿನ ಹಿಂದೆ ಮಣ್ಣಿನ ಒಲೆ ಅವಳದು,
ಇಪ್ಪತ್ತೆರಡು ವರ್ಷ ಸೊಂಟದ ತನಕ ಬಗ್ಗಿ
ಕೆಂಡದ ಗೋಡೆಗೆ ಹಿಟ್ಟು ಬಡಿದ ಕೈ.
ಬಾರಿಯಿಂದ ತಂಗಿ ಕಳಿಸಿದ ಹೊಸ ಫೋನು,
ಬೆರಳು ಮುಟ್ಟಿದರೆ ತೆರೆಯಬೇಕಾದದ್ದು.

ಮತ್ತೊಮ್ಮೆ ಪ್ರಯತ್ನಿಸಿ, ಅಂದಿತು.
ಹೆಬ್ಬೆಟ್ಟು, ತೋರುಬೆರಳು, ಕಿರುಬೆರಳು.
ಮತ್ತೊಮ್ಮೆ ಪ್ರಯತ್ನಿಸಿ.
ಸಿಟ್ಟಿಗೆ ಮೂಗಿನ ತುದಿಯನ್ನೂ ಒತ್ತಿದಳು.
ಭೂತಗನ್ನಡಿ ಹಿಡಿದು ನೋಡಿದೆ:
ಗೆರೆ ಇಲ್ಲ, ಸುಳಿ ಇಲ್ಲ,
ನದಿಯಲ್ಲಿ ಉರುಳಿದ ಕಲ್ಲಿನಷ್ಟು ನುಣುಪು.

ಓದು ಬಾರದ ನಮ್ಮ ಮುತ್ತಜ್ಜಿ
ಸಾಮೂಹಿಕ ಹೊಲದ ಲೆಕ್ಕದ ಪುಸ್ತಕಕ್ಕೆ
ನಾಚಿಕೊಂಡು ಹೆಬ್ಬೆಟ್ಟು ಒತ್ತುತ್ತಿದ್ದಳಂತೆ.
ಈಗ ಡಾಕ್ಟರು ವಕೀಲರೆಲ್ಲ ಹೆಬ್ಬೆಟ್ಟೇ,
ನಿಮಿಷಕ್ಕೆರಡು ಸಲ, ನಾಚಿಕೆಯಿಲ್ಲದೆ.
ಇವಳೊಬ್ಬಳಿಗೆ ಅದೂ ಇಲ್ಲ.

ಮುಖ ತೋರಿಸಿ ತೆಗೆಯಬಹುದು, ಅಂದೆ.
ಬೆಳಗಿನ ನಾಲ್ಕಕ್ಕೆ ಹಿಟ್ಟು ಮೆತ್ತಿದ ಮುಖ
ನನ್ನ ಗಂಡನಿಗೇ ಗುರುತು ಹತ್ತಲ್ಲ, ಅಂದಳು.
ಹಾಗಾದರೆ ಅಂಕಿ. ನಾಲ್ಕು ಅಂಕಿ ಹೇಳಮ್ಮ.
ಒಂದು, ಒಂದು, ಒಂದು, ಒಂದು.
ಕಳ್ಳ ಸುಲಭವಾಗಿ ತೆಗೆದುಬಿಡುತ್ತಾನಲ್ಲ!
ತೆಗೀಲಿ ಬಿಡು, ನೋಡಿ ಏನು ಮಾಡ್ತಾನೆ,
ಒಳಗೆ ಇರೋದೆಲ್ಲ ರೊಟ್ಟಿ ಚಿತ್ರ.
ತಂಗಿ ದಿನಾ ಕೇಳ್ತಾಳೆ, ಕಳಿಸ್ತೀನಿ.
ಅಲ್ಲಿ ಯಾರದೋ ಮುದುಕಿಗೆ ಗಂಜಿ ಕುಡಿಸುತ್ತಾ
ಈ ಹೊಗೆ ನೋಡ್ತಾಳಂತೆ.

ಹಾಗಾದರೆ ಕ್ಯಾಮೆರಾ ಉಪಯೋಗದ್ದೇ.
ನುಗ್ಜಾರನಿಗೆ ಹೇಳಬೇಕು.

ದುಡ್ಡು ತೆಗೆದುಕೊಳ್ಳಲಿಲ್ಲ. ಸಂಜೆ ಅವಳು
ದೋಣಿಯ ಹಾಗಿದ್ದ ಬಿಸಿ ರೊಟ್ಟಿ ತಂದು
ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟುಹೋದಳು.
ಗಾಜು ಬೆವರಿತು, ಕೆಳಗಿನ ಮಾಡೆಲ್ಲುಗಳೆಲ್ಲ ಮಸುಕಾದವು.

ಮುರಿದು ಚೀಸು ತುರುಕಿ ಬಾಯಿಗಿಟ್ಟೆ.
ಅಷ್ಟರಲ್ಲಿ ನನ್ನ ಫೋನು ಟಣ್ ಅಂತು.
ಜಿಡ್ಡುಗೈಯಲ್ಲೇ ಒತ್ತಿದೆ.
ಮತ್ತೊಮ್ಮೆ ಪ್ರಯತ್ನಿಸಿ, ಅಂದಿತು.

ತಿಂದಾದ ಮೇಲೆ, ಅಂದೆ.