ಶೇಡಿಮಣ್ಣಿನ ಗೆರೆ

ಬೊಂದೆಲಿನ ಆಚೆ ಗುಡ್ಡ ಕಡಿದಲ್ಲಿ
ಮೇಲೆ ಮೂರಾಳು ಮುರಕಲ್ಲು, ಅದರಡಿ ಶೇಡಿ:
ಬಿಳಿ, ಹಳದಿ, ನಡುನಡುವೆ ಯಾರೋ ಎಲೆಯಡಿಕೆ ಉಗುಳಿದಂಥ ಕೆಂಪು.
ಬೆರಳಲ್ಲಿ ತಿಕ್ಕಿದರೆ ಪೌಡರಿನ ನುಣುಪು.
ಕೊಳವೆ ಬಡಿದು ಹನ್ನೊಂದು ತುಂಡು ತೆಗೆದೆವು.
ಮೇಣ ಹಚ್ಚಿ, ಒದ್ದೆ ಗೋಣಿಯಲ್ಲಿ ಸುತ್ತಿ,
ತುಂಬಿದ ಬಸುರಿಯನ್ನು ಕೂರಿಸಿಕೊಂಡ ಹಾಗೆ
ಹಂಪ್ ಕಂಡಲ್ಲೆಲ್ಲ ಬ್ರೇಕ್ ಹಿಡಿದು
ಸುರತ್ಕಲ್ಲಿಗೆ ತಂದೆವು.

ಬಾವಿ ತೋಡುವ ಐತಪ್ಪಣ್ಣ ಹೊರಡುವಾಗ ಹೇಳಿದ್ದರು:
‘ಒಣ ಶೇಡಿಯನ್ನು ನಂಬಬಹುದು, ನಿಲ್ಲುತ್ತದೆ.
ನೆನೆದದ್ದನ್ನೂ ನಂಬಬಹುದು, ಬೀಳುತ್ತದೆ.
ನಡುವಿನದ್ದನ್ನು ಮಾತ್ರ
ಓದಿದವರು ನೀವೇ ಹೇಳಬೇಕು ಮಾರಾಯ್ತಿ.’

ನಡುವಿನದ್ದು. ಸಂಬಳ ಅದಕ್ಕೇ.

ಕಣಗಳ ಸಂದಿನಲ್ಲಿ ಒಂದಿಷ್ಟು ಗಾಳಿ, ಒಂದಿಷ್ಟು ನೀರು.
ನೀರು ಅಲ್ಲಿ ತುಂಬಿಲ್ಲ, ಮೂಲೆ ಹಿಡಿದು ಕೂತಿದೆ
ಬೆನ್ನು ಒಳಕ್ಕೆ ಬಾಗಿಸಿ,
ಎರಡು ಕಣಗಳ ರಟ್ಟೆ ಹಿಡಿದು ಎಳೆಯುತ್ತ.
ಆ ಎಳೆತವನ್ನು ನಾವು ಕಿಲೊಪಾಸ್ಕಲಿನಲ್ಲಿ ಬರೆಯುತ್ತೇವೆ.
ಬಾಯಾರಿಕೆ ಎಂದರೂ ನಡೆದೀತು.
ಅಷ್ಟೆತ್ತರದ ಗುಡ್ಡ ನೆಟ್ಟಗೆ ನಿಂತದ್ದು
ಅರ್ಧಂಬರ್ಧ ತೀರಿದ ಬಾಯಾರಿಕೆಯಿಂದ.

ಡಬ್ಬಿಯಲ್ಲಿ ಮಣ್ಣು, ಮಣ್ಣಿಗೆ ಒತ್ತಿ ಸೋಸುಕಾಗದ,
ಮುಚ್ಚಳಕ್ಕೆ ಟೇಪು. ಏಳು ದಿನ ಮುಟ್ಟುವಂತಿಲ್ಲ.
ಎಂಟನೆಯ ದಿನ ಚಿಮುಟದಲ್ಲಿ ಎತ್ತಿ ತಕ್ಕಡಿಗೆ,
ಗಾಳಿ ಅದರಿಂದ ಒಂದು ಗುಟುಕು ಕದಿಯುವ ಮೊದಲು.
ಫ್ಯಾನ್ ಬಂದ್. ಉಸಿರೂ ಬಂದ್.
ಬಂಗುಡೆ ಬಂದಿದೆ ಎನ್ನಲು ಬಂದ ಸೆವ್ರಿನಾ ಬಾಯಿ
ಬಾಗಿಲಲ್ಲೇ ಬಾಯಿಗೆ ಸೆರಗು ಹಿಡಿದು ನಿಂತಳು.

ಒಣಗಿಸುತ್ತ ಹೋದರೆ ಒಂದು ಗೆರೆ,
ನೆನೆಸುತ್ತ ಬಂದರೆ ಬೇರೆಯೇ ಗೆರೆ.
ಅದೇ ಮಣ್ಣು, ಅದೇ ಎಳೆತ, ಹಿಡಿದಿಟ್ಟ ನೀರು ಮಾತ್ರ ಕಡಿಮೆ.
ಹಂಪನಕಟ್ಟೆಗೆ ಹೋದ ಬಸ್ಸು
ಹೋದ ರಸ್ತೆಯಲ್ಲೇ ಮರಳುವುದಿಲ್ಲವಲ್ಲ, ಹಾಗೆ.
ಸಮೀಕರಣದಲ್ಲಿ ಎರಡು ಅಕ್ಷರ ಸಡಿಲ ಬಿಟ್ಟಿರುತ್ತಾರೆ
ಅವರವರ ಮಣ್ಣಿಗೆ ತಕ್ಕಂತೆ ಬಿಗಿ ಮಾಡಿಕೊಳ್ಳಲು,
ರವಿಕೆಯ ಒಳಹೊಲಿಗೆಯಲ್ಲಿ ದರ್ಜಿ ಬಿಟ್ಟ ಬಟ್ಟೆ.
ಬಿಗಿ ಮಾಡಿದೆ. ಹತ್ತು ತುಂಡು ಗೆರೆಗೆ ಬಂದು ಕೂತವು.

ಏಳನೆಯದು ಕೂರಲಿಲ್ಲ.
ಸೀಳಿ ನೋಡಿದರೆ ಒಳಗೆ ಪೆನ್ಸಿಲಿನಷ್ಟು ಟೊಳ್ಳು,
ಯಾವುದೋ ಮರದ ಬೇರು ಎಂದೋ ಸತ್ತು ಖಾಲಿ ಮಾಡಿದ ಜಾಗ.
‘ಬಿಟ್ಟುಬಿಡು,’ ಎಂದರು ಕಾರಂತಡ್ಕ ಸರ್, ‘ಅದು ಮಣ್ಣಲ್ಲ, ತೂತು.
ಬಿಲ್ಡರಿಗೆ ಒಂದು ಸಂಖ್ಯೆ ಸಾಕು.’
ಒಂದು ಸಂಖ್ಯೆ ಕೊಟ್ಟೆ.
ನಲವತ್ತನೆಯ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ, ಏಳನ್ನೂ ಬರೆದೆ.
ಸಣ್ಣ ಅಕ್ಷರದಲ್ಲಿ.

ಜೂನ್ ಆರರ ರಾತ್ರಿ ಮಳೆ ಹಿಡಿಯಿತು.
ಮಲಗಿದಲ್ಲೇ ಲೆಕ್ಕ ಹಾಕಿದೆ:
ಇಷ್ಟು ಹೊತ್ತಿಗೆ ಮುರಕಲ್ಲು ದಾಟಿರಬಹುದು,
ಇಷ್ಟು ಹೊತ್ತಿಗೆ ಎಂಬತ್ತು ಕಿಲೊಪಾಸ್ಕಲ್ ಇದ್ದದ್ದು ಮೂವತ್ತು,
ಇಷ್ಟು ಹೊತ್ತಿಗೆ...

ಐದೂವರೆಗೆ ಐತಪ್ಪಣ್ಣನ ಫೋನು.
‘ಗುಡ್ಡ ನಿಂತುಂಟು.
ನಿಮ್ಮ ಏಳನೇ ಕೊಳವೆ ತೆಗೆದಲ್ಲಿ ಮಾತ್ರ ನೀರು ಒಸರ್ತಾ ಉಂಟು.’
‘ತಿಳಿಯಾ?’
‘ಅಲ್ಲ. ಅಕ್ಕಿ ತೊಳೆದ ನೀರಿನ ಹಾಗೆ.’

ಮಣ್ಣೂ ಹೊರಟಿದೆ ಹಾಗಾದರೆ, ನೀರಿನ ಜೊತೆ.
ಇದಕ್ಕೆ ನನ್ನ ಯಾವ ಗೆರೆಯೂ ಇಲ್ಲ.
ಚಪ್ಪಲಿ ಹುಡುಕುತ್ತ ಕೇಳಿದೆ:
‘ಕೆಳಗಿನ ಶೆಡ್ಡಿನಲ್ಲಿ ಎಷ್ಟು ಜನ ಮಲಗಿದ್ದಾರೆ?
ಎಬ್ಬಿಸಿ. ಮೊದಲು ಎಬ್ಬಿಸಿ,
ಆಮೇಲೆ ಎಣಿಸಿ.’