ಇಲ್ಲಿದ್ದಂತೆ

ಮುಳಬಾಗಿಲು ಹಳೇ ಕಚೇರಿಯ ಹಿಂದೆ
ಬೀಜದ ಗೋದಾಮಿಗೆ ತಾಗಿದ ಕೋಣೆ.
ಅಲ್ಲಿ ನಾನು, ಗುಲ್ನಾಜ್, ಒಂದು ಫ್ಯಾನು,
ಇನ್ನೂರೈವತ್ತು ಜೀಬಿಯ ಡಿಸ್ಕು,
ಅದರಲ್ಲಿ ಅರ್ಧ, ಹಿಂದಿದ್ದವರ ಮದುವೆ ಫೋಟೊ.

ಏಳು ವರ್ಷದ ಉಪಗ್ರಹದ ಚಿತ್ರ
ಯಾವುದೋ ಊರಿನ ಯಾರದೋ ಯಂತ್ರಗಳಲ್ಲಿದೆ.
ಇಳಿಸಿಕೊಳ್ಳಲು ಹೊರಟರೆ
ಈ ತಂತಿಗೆ ನನ್ನ ನಿವೃತ್ತಿಯವರೆಗೂ ಕೆಲಸ.
ಅದಕ್ಕೇ ಇಳಿಸುವುದಿಲ್ಲ, ಮೌಂಟ್ ಮಾಡುತ್ತೇನೆ:
ಒಂದು ಸಾಲು ಬರೆದು ಒತ್ತಿದರೆ
ಖಾಲಿ ಫೋಲ್ಡರಿನ ಬಾಯೊಳಗೆ
ಸಾವಿರಾರು ಕಡತಗಳ ಹೆಸರು.
ಹೆಸರು ಮಾತ್ರ. ಮುಟ್ಟುವವರೆಗೂ
ಗುಲಗಂಜಿ ತೂಕವಿಲ್ಲ.

ಮಂಗಳವಾರ ಪಿಳ್ಳಪ್ಪ ಬಂದರು,
ಮೂರು ಕೆರೆಗೆ ನೀರುಗಂಟಿಯಾಗಿದ್ದವರು.
ಸೋಮಯ್ಯನ ಕೆರೆ ಕೋಡಿ ಹರಿದೇ ಇಲ್ಲ ಅಂತ
ಪಂಚಾಯಿತಿಯವರು ಬರೆದುಕೊಂಡವ್ರೆ.
ನಾನು ಕಂಡಿದೀನಿ.
ಮೇಲಿಂದಾನೂ ಯಾರಾದ್ರೂ ಕಂಡಿರಬೇಕಲ್ಲ?

ಕಂಡಿದೆ, ಅಂದೆ.
ಎಲ್ಲೈತಮ್ಮ, ಈ ಡಬ್ಬದಾಗಾ?
ಅಲ್ಲ. ಎಲ್ಲೋ ಇದೆ,
ಇಲ್ಲಿದ್ದಂತೆ ಕಾಣುತ್ತೆ.
ಎಷ್ಟು ಕೇಳ್ತೀವೋ ಅಷ್ಟೇ ಬರುತ್ತೆ,
ಮಿಕ್ಕಿದ್ದು ಅಲ್ಲೇ ನಿಂತಿರುತ್ತೆ.
ನಾನಿನ್ನೂ ಹೋಲಿಕೆ ಹುಡುಕುತ್ತಿದ್ದೆ,
ಅವರು ಕುರ್ಚಿ ಎಳೆದುಕೊಂಡು ಕೂತರು:
ತೂಬು ಅಂತ ಒಂದು ಮಾತು ಹೇಳಬಾರದಾ?

ಕೆರೆ ಯಾರ ಮನೆಗೂ ಬರಲ್ಲ ಕಣಮ್ಮ.
ಮೂರು ಕಣ್ಣಿನ ತೂಬಿಗೆ ಒಂದು ಕಣ್ಣು ಬಿಟ್ಟರೆ
ಕಟ್ಟಕಡೇ ಗದ್ದೆಯೋನೂ ಬೆಳಿಗ್ಗೆ ಎದ್ದು
ಕೆರೆ ನನ್ನ ಬದುವಿಗೇ ಬಂತು ಅಂತಾನೆ.
ಅಂದ್ಕಳ್ಳಲಿ. ಪೈರಿಗೆ ಅಷ್ಟು ಸಾಕು.

ತೆರೆದೆ. ಹಂಚು ಹಂಚಾಗಿ ಬಂತು.
(ಚಿತ್ರದ ತುಂಡಿಗೂ ನಾವು ಹಂಚು ಅನ್ನುತ್ತೇವೆ,
ಪಾಲು ಮಾಡುವುದಕ್ಕೂ.)
ಅಕ್ಟೋಬರಿನ ಹಂಚಿನ ತುಂಬ ಬೆಳ್ಳಗೆ ಮೋಡ.
ಮೋಡದಲ್ಲಿಟ್ಟ ಚಿತ್ರಕ್ಕೂ ಮೋಡವೇ,
ಗುಲ್ನಾಜ್ ನಕ್ಕಳು. ಪಿಳ್ಳಪ್ಪ ನಗಲಿಲ್ಲ:
ಆವತ್ತು ಮೋಡ ಇತ್ತು. ಸುಳ್ಳು ಹೇಳ್ತಿಲ್ಲ ಅದು.
ಮುಂದಕ್ಕೆ ಹೋಗು.

ಐದು ದಿನ ಮುಂದೆ. ಅರ್ಧ ಬಾನು ತೆರವು.
ಆವಣಿ ಬೆಟ್ಟದ ನೆರಳು, ಹೆದ್ದಾರಿಯ ಗೀರು,
ಅಷ್ಟರಲ್ಲಿ ಕರೆಂಟು ಹೋಯಿತು.
ಫೋಲ್ಡರು ಇದೆ, ಹೆಸರೂ ಇದೆ,
ಒಳಗೆ ಕೈಯಿಟ್ಟರೆ ಯಾರೂ ಓಗೊಡುವುದಿಲ್ಲ.
ಪಹಣಿಯೊಳಗೆ
ಬತ್ತಿದ್ದೂ ಕೆರೇನೇ, ಅಂದರು,
ಎಲೆಗೆ ಸುಣ್ಣ ಸವರುತ್ತ.

ನಾಲ್ಕಕ್ಕೆ ತಂತಿ ಬದುಕಿತು. ಮತ್ತೆ ಅದೇ ಸಾಲು.
ಅವಕೆಂಪು ಕಣ್ಣಿಗೆ ನೀರು ಕಪ್ಪು.
ಅಂಗಳ ತುಂಬಿ, ಕೋಡಿ ದಾಟಿ, ಕೆಳಕ್ಕೆ
ಮೂರು ಚುಕ್ಕೆ ಅಗಲದ ಕಪ್ಪು ಎಳೆ.
ಚುಕ್ಕೆಗೆ ಹತ್ತು ಮೀಟರು, ಅಂದೆ.
ಹಂಗಾರೆ ಈ ಚುಕ್ಕೇಲಿ ನಾನಿದೀನಿ,
ಮೊಣಕಾಲುದ್ದ ನೀರಾಗೆ, ಎಂದು
ಬೆರಳಿಟ್ಟು ಒತ್ತಿದರು. ಪರದೆಯ ಬಣ್ಣ ಕದಡಿತು.

ನಕ್ಷೆಯ ಪದರದಲ್ಲಿ ಕೆರೆಯ ಹೆಸರು ತಪ್ಪಿತ್ತು. ತಿದ್ದು, ಅಂದರು.
ಇದು ಓದೋಕಷ್ಟೇ. ಬರೆಯೋ ಹಕ್ಕು ನನಗಿಲ್ಲ.
ಸ್ವಲ್ಪ ಹೊತ್ತು ಸುಮ್ಮನಿದ್ದರು.
ನನ್ನದಲ್ಲದ ನೀರನ್ನ
ನಲವತ್ತು ವರ್ಷ ಹಂಚಿದೋನು ನಾನು, ಬಿಡು.

ಪ್ರಿಂಟು ಮಡಚಿ ಟವೆಲ್ಲಿನ ತುದಿಗೆ ಗಂಟು ಹಾಕಿ
ಕೊನೇ ಬಸ್ಸಿಗೆ ಹೋದರು.
ಆರಕ್ಕೆ ಮೌಂಟ್ ಬಿಚ್ಚಿದೆ. ಫೋಲ್ಡರು ಬರಿದು.
ಡಿಸ್ಕು ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ.
ಆರಿದ ಪರದೆಯಲ್ಲಿ, ಕೋಡಿಯಿದ್ದ ಕಡೆ,
ಸುಣ್ಣದ ಬೆರಳ ಗುರುತು.

ಬಟ್ಟೆ ಹಿಡಿದು ಬಂದ ಗುಲ್ನಾಜ್
ನನ್ನ ಮುಖ ನೋಡಿ
ಕೀಬೋರ್ಡು ಒರೆಸಿದಳು.