ಷರಾ

ಬೆಂಗಳೂರಿನಿಂದ ನಮೂನೆ ಬಂದೈತಿ, ಎಲ್ಲಾ ಜಿಲ್ಲಾಕ್ಕೂ ಒಂದ.
ಕಾಲಂ ಹದಿಮೂರು, ಕೆರೆಗಳು: ತುಂಬಿದೆ.
ಕಾಲಂ ಹದಿನಾಲ್ಕು, ಕಡಲತೀರದ ಉದ್ದ, ಕಿಲೋಮೀಟರುಗಳಲ್ಲಿ.
ಹದಿನೈದು, ಬಂದರುಗಳು.
ಹದಿನಾರು, ದೋಣಿಗಳು: ಯಂತ್ರದವೆಷ್ಟು, ಹುಟ್ಟಿನವೆಷ್ಟು.

"ಸೊನ್ನಿ ಹಾಕಿ ಕಳಸ್ರಿ ಉಪ್ಪಿನವರ"
ಅಂದ್ರು ಸಾಹೇಬರು, ಚಾ ಆರಿಸಿಕೋತ.

ಪೆನ್ನು ಎತ್ತಿದೆ. ಕಿಟಕಿ ಹೊರಗ
ಎರಡು ಮನಸಿನ ಧಾರವಾಡದ ಮಳಿ.
ಕಚೇರಿ ಹಂಚಿನ ಮ್ಯಾಲ ಬಿದ್ದದ್ದು
ಪಡುವಲ ಗಟಾರ ಹಿಡದರ ಶಾಲ್ಮಲೆ, ಬೇಡ್ತಿ, ಗಂಗಾವಳಿ,
ಮೂಡಲದ್ದು ಹಿಡದರ ತುಪ್ಪರಿಹಳ್ಳ, ಮಲಪ್ರಭಾ, ಕೃಷ್ಣಾ,
ಆಂಧ್ರ ದಾಟಿ ಇನ್ನೊಂದು ಸಮುದ್ರ.
ಸೊನ್ನಿ ಅಂತ ಹ್ಯಾಂಗ ಬರೀಲಿ?

ಅಜ್ಜನ ಅಜ್ಜ ಯಕ್ಕೇರಪ್ಪ ಹತ್ತಿ ಹೇರಿ ಹೊಂಟರ
ಕಲಘಟಗಿ, ಯಲ್ಲಾಪುರ, ಅರಬೈಲ ಘಾಟು,
ಹನ್ನೊಂದನೇ ದಿನಕ್ಕ ಕುಮಟಾ.
ನಮ್ಮ ಎರಿ ಹೊಲದ ಅರಳಿಗೆ
ವಿಲಾಯತಿಯೊಳಗ ಕುಮಟಾ ಅಂತನ ಹೆಸರು:
ಹಡಗು ಹತ್ತಿಸಿದ ಊರು ಹೆತ್ತ ಊರನ್ನ ನುಂಗಿತು.
ಬರೂವಾಗ ಉಪ್ಪು. ಹನ್ನೆರಡು ಚೀಲ, ಸುಂಕದ ಚೀಟಿ,
ಹೆಂಡತಿಗೆಂತ ಗೋಣಿ ಸಂದ್ಯಾಗಿಟ್ಟ ಶಂಖ,
ಒಡದದ್ದು.

ಎತ್ತಿಗೆ ರುಚಿ ಹತ್ತಿತ್ತಂತ.
ರೈಲು ಬಂತು, ಹತ್ತಿ ಮುರಗಾಂವಿಗೆ ಹೋತು,
ಬಂಡಿ ಅಂಗಳದಾಗ ನಿಂತು ಎಷ್ಟೋ ವರ್ಷಾದ ಮ್ಯಾಲೂ
ಮೂಕಿ ನೆಕ್ಕತಿದ್ದವಂತ, ಕರುಗಳು ಸೈತ,
ಘಾಟು ಇಳೀಲಾರದ ಕರುಗಳು.

ಆ ಮೂಕಿ ಈಗ ನಮ್ಮ ಹಿತ್ತಲ ಬಾಗಿಲದ ತೊಲಿ.
ಆಷಾಢಕ್ಕ ಬೆವರತೈತಿ.
"ಗೆದ್ದಲ ಹತ್ತೇತಿ, ಬಡಿಗ್ಯಾನ್ನ ಕರೀರಿ"
ಅಂತ ವರ್ಷಾ ಬೈತಾಳ ನಮ್ಮಾಕಿ.
ಸಣ್ಣವಿದ್ದಾಗ ಕುರ್ಚಿ ಹತ್ತಿ ನಾನೂ ನೆಕ್ಕೀನಿ.
ಇದನ್ನ ಯಾರಿಗೂ ಹೇಳಿಲ್ಲ.

ದೋಣಿ? ಇಲ್ಲ. ಆದರ ನಸುಕಿನ್ಯಾಗ
ಹಳೇಹುಬ್ಬಳ್ಳಿ ಹಮೀದಾಬಿ
ಅಂಕೋಲಾ ಲಾರಿ ಮುಂದ ಬುಟ್ಟಿ ಹಿಡದು ಜಗಳಾ ಆಡತಾಳ,
ಬಂಗಡಿ, ತಾರ್ಲಿ, ಒಣ ಸೀಗಡಿ.
ಹೊಳ್ಳಿ ಹೋಗೂವಾಗ ಅದ ಲಾರ್ಯಾಗ ಬ್ಯಾಡಗಿ ಮೆಣಸಿನಕಾಯಿ.
ಅಲ್ಲಿ ಸಾರಿನ ಕೆಂಪು ಯಾವ ಜಿಲ್ಲಾದ ಉತ್ಪನ್ನ?
ಅದಕ್ಕ ಕಾಲಂ ಇಲ್ಲ.

ಸಾಹೇಬರ ಚಾ ಮುಗೀತು.
ಮೂರು ಸೊನ್ನಿ ಬರದೆ, ದುಂಡಗ, ಒಂದರ ಕೆಳಗ ಒಂದು.
ಕಡೀಕ, ಷರಾ ಅಂತ ಬಿಟ್ಟ ಇಕ್ಕಟ್ಟಿನ ಜಾಗಾದಾಗ,
ಅಳಸಾಕ ಬರೂಹಂಗ ಪೆನ್ಸಿಲ್ಲಿನಿಂದ:

ತೊಲೆ ಒಂದು ಇದೆ.
ಮಳೆಗಾಲದಲ್ಲಿ ಬೆವರುತ್ತದೆ.
ಉದ್ದ ಅಳೆದಿರುವುದಿಲ್ಲ.